ಬೆಳಕು ಒಪ್ಪಲಿಲ್ಲ

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕಿನಲ್ಲಿ ನಮ್ಮ ಸೋದರಮಾವನಂಥ ಫೋಟೋಗ್ರಾಫರ್ ಇನ್ನೊಬ್ಬನಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ನಮ್ಮ ಸೋದರಮಾವನ ಅಭಿಪ್ರಾಯ! ನನ್ನನ್ನು ಕೇಳಿದರೆ, ಅವನಂಥ ಇನ್ನೊಬ್ಬ ಇದ್ದಿದ್ದರೆ ನಾನು ಯಾವತ್ತೋ ಸ್ಟುಡಿಯೋಗೆ ಬೀಗ ಜಡಿದು ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಿದ್ದೆ.

ಸೋದರಮಾವನನ್ನು ಏಕವಚನದಲ್ಲಿ ಕರೆಯುತ್ತಾಳಲ್ಲ ಎಂದು ಯಾರೂ ಮುಖ ಸಿಂಡರಿಸಬೇಡಿ. ಒಮ್ಮೆ ಗಿರಾಕಿಗಳ ಎದುರು ಮರ್ಯಾದೆಗಿರಲಿ ಅಂತ “ಬನ್ನಿ ಮಾವ, ಕೂತ್ಕೊಳ್ಳಿ” ಅಂದೆ. ಮಹಾನುಭಾವ ಹಿಂದೆ ತಿರುಗಿ ನೋಡಿದ, ತನ್ನ ಬೆನ್ನ ಹಿಂದೆ ಯಾರು ಬಂದರೋ ಅಂತ! ಅವತ್ತೇ ಬಹುವಚನ ಬಿಟ್ಟೆ.

ತರೀಕೆರೆ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನ ಸ್ಟುಡಿಯೋ ಇದೆ. ಹೆಂಗಸೊಬ್ಬಳು ಸ್ಟುಡಿಯೋ ಇಟ್ಟಿದ್ದಾಳಂತೆ ಎಂದು ಮೊದಮೊದಲು ನನ್ನನ್ನು ನೋಡಲು ಬರುತ್ತಿದ್ದವರು ಈಗ ಫೋಟೋ ತೆಗೆಸಲು ಬರುತ್ತಾರೆ. “ಗಲ್ಲ ಕೆಳಗೆ, ಭುಜ ನೆಟ್ಟಗೆ, ಕಣ್ಣು ಬಿಡಿ, ಆಯ್ತು.” ಹೋಟೆಲಿನವನು ಟೀ ಸೋಸುವಷ್ಟರಲ್ಲಿ ನನ್ನದು ಮುಗಿದಿರುತ್ತದೆ. ಬಂದವರಿಗೆ ಶಿವಮೊಗ್ಗದ ಬಸ್ಸು ತಪ್ಪಬಾರದಲ್ಲ? ಕಪ್ಪಗಿದ್ದವರನ್ನು ಎಣ್ಣೆಗೆಂಪಿಗೆ ತರುತ್ತೇನೆ, ಎಣ್ಣೆಗೆಂಪಿನವರನ್ನು ಬೆಳ್ಳಗೆ ಮಾಡುತ್ತೇನೆ. ರಾಗಿ ಮಿಲ್ಲಿನವರನ್ನೂ ಅವರ ಮನೆಯವರನ್ನೂ ಹಿಮದ ಬೆಟ್ಟದ ಪರದೆಯ ಮುಂದೆ ಕೂರಿಸುತ್ತೇನೆ. ಹೌದು, ಕೂರಿಸುತ್ತೇನೆ, ಏನೀಗ? ಅವರಿಗೆ ಇಷ್ಟ, ನನಗೆ ಕಸುಬು.

ಮಾವನಿಗೆ ಇದು ಕಸುಬಲ್ಲ, ಹುಚ್ಚು. ಅವನು ಕರೆಂಟಿನ ಲೈನ್‌ಮ್ಯಾನ್ ಆಗಿದ್ದವನು. ಕೆಲಸದಲ್ಲಿದ್ದಷ್ಟು ಕಾಲ ಊರಿನ ಜನ ಅವನ ಕಂಬದ ಕೆಳಗೆ ನಿಂತು “ಯಾವಾಗ ಬತ್ತದ್ರೀ ಬೆಳಕು?” ಅಂತ ಕತ್ತು ನೋಯುವ ತನಕ ಕಾಯುತ್ತಿದ್ದರು. ಈಗ ಬೆಳಕಿಗೆ ಕಾಯುವ ಸರದಿ ಅವನದು. ಮಾಡಿದ್ದುಣ್ಣೋ ಮಹಾರಾಯ! ನಿವೃತ್ತಿಯಾದಾಗ ಬೇರೆಯವರು ಸೈಟು ತೆಗೆದುಕೊಂಡರೆ ಇವನು ಲೆನ್ಸು ತೆಗೆದುಕೊಂಡ. ಅದರ ಉದ್ದ ಎಷ್ಟಿದೆಯೆಂದರೆ, ಅದನ್ನು ಹೆಗಲ ಮೇಲಿಟ್ಟುಕೊಂಡು ದನ ಮೇಯುವ ಎಮ್ಮೆದೊಡ್ಡಿ ಕಾವಲಿಗೆ ಹೋದ ಮೊದಲ ದಿನ ದನ ಕಾಯುವವರು ಬಂದೂಕೆಂದು ತಿಳಿದು ಅಡ್ಡ ಹಾಕಿದ್ದರಂತೆ. ಈಗ ಅವರೇ ಟೀ ಕೊಡುತ್ತಾರೆ.

ಬೆಳಗಿನ ಮೊದಲ ಬಸ್ಸಿಗೆ ಕಾವಲಿಗೆ ಹೋಗುವುದು, ಅಮೃತ ಮಹಲ್ ಹಸುಗಳ ಎದುರು ಬೋರೆ ಗಿಡದ ಕೆಳಗೆ ಕೂರುವುದು, ಮಧ್ಯಾಹ್ನ ಬರಿಗೈಯಲ್ಲಿ ಬಂದು ನನ್ನ ಸ್ಟುಡಿಯೋದ ಕುರ್ಚಿಗೆ ಒರಗುವುದು. ಇದು ಅವನ ದಿನಚರಿ.

“ಎಷ್ಟು ತೆಗೆದೆ ಮಾವ?”

“ಒಂದೂ ಇಲ್ಲ. ಬೆಳಕು ಒಪ್ಲಿಲ್ಲ ಕಣೇ.”

“ಹಸು?”

“ಹಸು ಒಪ್ತು. ಬೆಳಕು ಒಪ್ಲಿಲ್ಲ.”

ಹೇಳಿ, ನಾನು ಹಾಗೆ ಹೇಳಲಾಗುತ್ತದೆಯೇ? ಧಾರೆಯ ಹೊತ್ತಿಗೆ ಸರಿಯಾಗಿ “ಸ್ವಾಮಿ, ಬೆಳಕು ಒಪ್ಪಲಿಲ್ಲ, ತಾಳಿ ನಾಳೆ ಕಟ್ಟಿ” ಅಂದರೆ ಬೀಗರು ನನ್ನನ್ನೇ ಕಂಬಕ್ಕೆ ಕಟ್ಟುತ್ತಾರೆ. ಇಷ್ಟೇ ನೋಡಿ, ಕಸುಬಿನವರಿಗೂ ಹವ್ಯಾಸದವರಿಗೂ ಇರುವ ವ್ಯತ್ಯಾಸ. ಅವನಿಗೆ ಬೆಳಕು ಒಪ್ಪಬೇಕು, ನನಗೆ ಗಿರಾಕಿ ಒಪ್ಪಬೇಕು.

ಇಷ್ಟು ತಿಳಿದೂ ಒಮ್ಮೆ ಅವನನ್ನು ಅಜ್ಜಂಪುರದ ಮದುವೆಯೊಂದಕ್ಕೆ ಕರೆದುಕೊಂಡು ಹೋದೆ. ನನ್ನ ಜೊತೆ ಬರಬೇಕಿದ್ದ ಇನ್ನೊಬ್ಬ ಕ್ಯಾಮೆರಾದವರಿಗೆ ಜ್ವರ. ಬೇರೆ ದಾರಿ ಇರಲಿಲ್ಲ. “ಮಾವ, ನಾನು ಮಂಟಪ ನೋಡ್ಕೋತೀನಿ. ಮುಯ್ಯಿ ಮಾಡೋರ ಸಾಲು ನಿಂದು. ಒಬ್ಬರೂ ತಪ್ಪಬಾರ್ದು” ಎಂದು ಹೇಳಿ ನಿಲ್ಲಿಸಿದೆ. ನಮ್ಮ ಕಡೆ ತಾಳಿ ಕಟ್ಟುವ ಫೋಟೋ ಮಸುಕಾದರೂ ಕ್ಷಮಿಸುತ್ತಾರೆ. ವಧೂವರರಿಗೆ ಮುಯ್ಯಿ ಕೊಡುವಾಗಿನ ಫೋಟೋದಲ್ಲಿ ಯಾರಾದರೂ ಬಿಟ್ಟುಹೋದರೆ ಎರಡು ತಲೆಮಾರು ಮಾತು ಬಿಡುತ್ತಾರೆ!

ಸ್ವಲ್ಪ ಹೊತ್ತಿನಲ್ಲಿ ಸಾಲು ನಿಂತುಹೋಯಿತು, ಗಲಾಟೆ ಶುರುವಾಯಿತು. ಹೋಗಿ ನೋಡಿದರೆ ಮಾವ ಗಂಡಿನ ಸೋದರತ್ತೆಗೆ ಉಪದೇಶ ಮಾಡುತ್ತಿದ್ದಾನೆ.

“ಮನಸ್ಸಿಲ್ದೆ ನಗ್ಬೇಡಿ ತಾಯಿ. ಕ್ಯಾಮೆರಾಗೆ ಗೊತ್ತಾಗುತ್ತೆ.”

ಸಂಬಂಧ ಕುದುರುವಾಗ ಆಯಮ್ಮನಿಗೆ ಏನೋ ಮುನಿಸಾಗಿತ್ತಂತೆ. ಇಡೀ ಊರು ಮುಚ್ಚಿಟ್ಟಿದ್ದನ್ನು ಇವನು ಮೈಕಿಲ್ಲದೆ ಸಾರಿದ. ನಾನು ಕೈಮುಗಿದು, ಆಯಮ್ಮನನ್ನು ಮಧ್ಯದಲ್ಲಿ ನಿಲ್ಲಿಸಿ ಫೋಟೋ ತೆಗೆದು, ಮಾವನನ್ನು ಹುಡುಕಿದರೆ ಅವನು ಅಡುಗೆಮನೆಯಲ್ಲಿದ್ದ. ಹುಡುಗಿಯ ಅಜ್ಜಿ ಅಕ್ಕಿಮೂಟೆಗೆ ಒರಗಿ ನಿದ್ದೆ ಮಾಡುತ್ತಿದ್ದರು, ಕಿಟಕಿಯ ಬಿಸಿಲು ಅವರ ಮೂಗುಬೊಟ್ಟಿನ ಮೇಲೆ ಬಿದ್ದಿತ್ತು. ಇವನು ಕ್ಯಾಮೆರಾ ಹಿಡಿದು ನೆಲದ ಮೇಲೆ ಬೋರಲು ಮಲಗಿದ್ದ!

ಆಲ್ಬಮ್ ನೋಡಿದ ಹುಡುಗಿಯ ತಂದೆ ಆ ಫೋಟೋ ಮೇಲೆ ಬೆರಳಿಟ್ಟು “ಇದೇನ್ರೀ?” ಅಂದರು. ಮಾವ ಎದೆಯುಬ್ಬಿಸಿ “ಬೆಳಕು” ಅಂದ.

“ಏನಪ್ಪಾ, ನಾವು ಮಗಳ ಮದುವೆ ಮಾಡಿದ್ವೋ ಬೆಳಕಿನ ಮದುವೆ ಮಾಡಿದ್ವೋ?”

ಮಾವನಿಗೆ ಇವೆಲ್ಲ ನಾಟುವುದಿಲ್ಲ. ಅವನಿಗಿದ್ದ ಆಸೆ ಒಂದೇ: ಅವನು ತೆಗೆದ ಒಂದು ಫೋಟೋ ನನ್ನ ಸ್ಟುಡಿಯೋದ ಶೋಕೇಸಿನಲ್ಲಿ ಇರಬೇಕು. ರಸ್ತೆಗೆ ಮುಖ ಮಾಡಿದ ಆ ಗಾಜಿನೊಳಗೆ ಮದುಮಗಳು, ತೊಟ್ಟಿಲ ಕೂಸು, ಪದವಿ ಟೋಪಿ ಹಾಕಿದ ಹುಡುಗಿ ಇರುತ್ತಾರೆ. ಅವರ ನಡುವೆ ತನ್ನದೂ ಒಂದು ಎಂದು ವರ್ಷಗಳಿಂದ ಗೋಗರೆಯುತ್ತಿದ್ದ.

“ಒಂದೇ ಒಂದು ಹಾಕೇ. ನಾಕು ಜನ ನಿಂತು ನೋಡ್ಲಿ. ಅಷ್ಟೇ ಸಾಕು ನಂಗೆ.”

“ಮಾವ, ಶೋಕೇಸು ನೋಡಿದ ಗಿರಾಕಿ ಒಳಗೆ ಬರ್ಬೇಕು. ನಿನ್ನ ಹಸು ನೋಡಿ ಯಾರು ಬರ್ತಾರೆ?”

ನಾನು ಲಿಂಗದಹಳ್ಳಿ ಕಡೆ ಒಂದು ನಾಮಕರಣಕ್ಕೆ ಹೋಗಿದ್ದ ದಿನ ಸ್ಟುಡಿಯೋ ನೋಡಿಕೊಳ್ಳಲು ಕೂತಿದ್ದ ಮಾವ, ಮದುಮಗಳನ್ನು ಇಳಿಸಿ ಕೊಂಬು ಚಾಚಿದ ಹಸುವನ್ನು ಏರಿಸಿಯೇಬಿಟ್ಟ. ನಾನು ವಾಪಸ್ ಬಂದಾಗ ಬಾಗಿಲಲ್ಲಿ ಒಬ್ಬರು ಕುಂಟುವ ಮೇಕೆ ಹಿಡಿದುಕೊಂಡು ನಿಂತಿದ್ದರು. “ಡಾಕ್ಟ್ರಮ್ಮಾ, ಕಾಲು ಒಸಿ ನೋಡಿ” ಅಂದರು ನನಗೆ! ಮಾವನಿಗೆ ನಾಚಿಕೆಯಾಯಿತೇ? “ನೋಡ್ದ್ಯಾ? ಗಿರಾಕಿ ಬಂದ್ರು!” ಅಂದ. ಹಸು ಕೆಳಗಿಳಿಯಿತು. ಶೋಕೇಸಿನ ಬೀಗದ ಕೈ ನನ್ನ ಸೊಂಟ ಸೇರಿತು.

ಹೀಗಿರುವಾಗ ಒಂದು ಸಂಜೆ ಚೌಳಹಿರಿಯೂರಿನಿಂದ ಒಬ್ಬರು ಬಂದರು. ಅವರ ತಂದೆ ತೀರಿಕೊಂಡಿದ್ದರು. ಮರುದಿನವೇ ಶಿವಗಣಾರಾಧನೆ, ಹಾರ ಹಾಕಲು ಒಂದು ಫೋಟೋ ಇಲ್ಲ. ವೋಟಿನ ಕಾರ್ಡಿನಲ್ಲಿ ಇದ್ದದ್ದು ಮನುಷ್ಯನೋ ಮಸಿಯೋ ಗೊತ್ತಾಗುತ್ತಿರಲಿಲ್ಲ. ಮದುವೆಗಳ ಗುಂಪು ಫೋಟೋದಲ್ಲೆಲ್ಲ ಯಾರದೋ ಭುಜದ ಹಿಂದೆ ಹಣೆ ಮಾತ್ರ. ಕಡೂರಿನ ಸ್ಟುಡಿಯೋಗಳನ್ನೆಲ್ಲ ಬಿಟ್ಟು ನನ್ನ ಹತ್ತಿರವೇ ಬಂದದ್ದೇಕೆಂದರೆ, ಹಿಂದೊಮ್ಮೆ “ಉದ್ದನೆ ಕ್ಯಾಮೆರಾದ ಅಜ್ಜ” ಒಬ್ಬರು ಅವರಪ್ಪನ ಫೋಟೋ ತೆಗೆದು, ಬೇಕಾದರೆ ತರೀಕೆರೆಗೆ ಬಾ, ನಮ್ಮಕ್ಕನ ಮಗಳ ಸ್ಟುಡಿಯೋ ಇದೆ ಎಂದು ಹೇಳಿ ಬಂದಿದ್ದರಂತೆ.

ಉದ್ದನೆ ಕ್ಯಾಮೆರಾದ ಅಜ್ಜ ಕುರ್ಚಿಯಲ್ಲೇ ಇದ್ದ. ಪೆನ್‌ಡ್ರೈವ್ ತಂದು ತೋರಿಸಿದ. ಕೊಟ್ಟಿಗೆಯ ಬಾಗಿಲಲ್ಲಿ ಎಳೆಬಿಸಿಲು. ಮುದುಕಪ್ಪ ಕುಕ್ಕರಗಾಲಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಕರು ಅವರ ಕಿವಿ ನೆಕ್ಕುತ್ತಿದೆ. ಕಚಗುಳಿ ತಡೆಯಲಾರದೆ ಅವರು ನೇರವಾಗಿ ನಮ್ಮನ್ನೇ ನೋಡುತ್ತ ಬೊಚ್ಚುಬಾಯಿ ಪೂರ್ತಿ ತೆರೆದು ನಗುತ್ತಿದ್ದಾರೆ.

ಮಗ ಕಣ್ಣೊರೆಸಿಕೊಂಡರು. ಆಮೇಲೆ “ಕರು ತೆಗ್ದಾಕಿ ಮೇಡಂ. ಒಂದು ಕೋಟು, ಪೇಟ ಹಾಕಿ. ಬಾಯಿಗೆ ಹಲ್ಲು ಕೂರ್ಸಿ. ಬೀಗರೆಲ್ಲ ಬತ್ತಾರೆ” ಅಂದರು.

“ಆಗುತ್ತೆ” ಅಂದೆ ನಾನು.

“ಆಗಲ್ಲ!” ಅಂದ ಮಾವ. “ಕರು ತೆಗೆದ್ರೆ ಅವ್ರು ಯಾಕೆ ನಗ್ತಾ ಇದಾರೆ? ಗೋಡೆ ಮೇಲೆ ಸುಮ್ ಸುಮ್ನೆ ನಗೋಕೆ ಅವ್ರಿಗೇನು ತಲೆ ಕೆಟ್ಟಿತ್ತಾ? ಕರು ಇದ್ರೆ ಕೊಡ್ತೀನಿ. ಇಲ್ದಿದ್ರೆ ಇಲ್ಲ.” ಪೆನ್‌ಡ್ರೈವ್ ಕಿತ್ತು ಜೇಬಿಗಿಟ್ಟುಕೊಂಡು ಎದುರಿನ ಹೋಟೆಲಿಗೆ ಹೋಗಿ ಕೂತುಬಿಟ್ಟ.

ನನಗೆ ಬಂದ ಸಿಟ್ಟು ಹೇಳತೀರದು. ಹಿಂದೆಯೇ ಹೋಗಿ ಟೀ ಕುಡಿಯುವವರ ಮಧ್ಯೆಯೇ ಜಾಡಿಸಿದೆ. “ನೋಡು ಮಾವ, ನೀನು ಬೆಳಕು ಒಪ್ಪಲಿಲ್ಲ ಅಂತ ಎದ್ದು ಬರಬಹುದು. ನಾನು ಬರೋ ಹಂಗಿಲ್ಲ. ನಾಳೆ ಬೆಳಿಗ್ಗೆ ಅವರ ಮನೇಲಿ ಫೋಟೋ ಇಡೋ ಮಣೆ ಖಾಲಿ ಇರಬಾರ್ದು. ಕೋಟು ಬೇಕಂದ್ರೆ ಕೋಟು, ಹಲ್ಲು ಬೇಕಂದ್ರೆ ಹಲ್ಲು. ನಿನಗೆ ಇದು ಮೋಸ ಅನ್ಸುತ್ತೆ, ನನಗೆ ಇದು ಋಣ. ಕೊಡ್ತೀಯೋ ಇಲ್ವೋ?”

ಮಾವ ಉಳಿದ ಟೀ ಒಂದೇ ಗುಟುಕಿಗೆ ಮುಗಿಸಿದ. ಆಮೇಲೆ ಪೆನ್‌ಡ್ರೈವ್ ತೆಗೆದುಕೊಟ್ಟು “ಕರು ಇರೋದು, ಕೋಟಿಂದು, ಎರಡೂ ಮಾಡು” ಅಂದ. “ನಾನೂ ಬತ್ತೀನಿ ನಾಳೆ. ಅವ್ರು ಯಾವ್ದು ತಗೊಂಡ್ರೂ ಬಾಯಿ ಬಿಡಲ್ಲ.”

ಎರಡನ್ನೂ ಮಾಡಿದೆ. ಒಂದು ಕಿವಿ ಕರುವಿನ ನಾಲಗೆಯ ಅಡಿಗೆ ಹೋಗಿದ್ದರಿಂದ ಇನ್ನೊಂದು ಕಿವಿಯನ್ನೇ ತಿರುಗಿಸಿ ಕೂರಿಸಿದೆ. ನನ್ನ ಕೆಲಸ ನಾನೇ ಹೊಗಳಿಕೊಳ್ಳಬಾರದು, ಆದರೂ ಅಂಥ ಕೋಟು, ಅಂಥ ಹಲ್ಲು ಈ ಸೀಮೆಯಲ್ಲಿ ಇನ್ಯಾರೂ ಹಾಕಲಾರರು!

ಬೆಳಿಗ್ಗೆ ಕಡೂರಿನಲ್ಲಿ ಬಸ್ಸು ಬದಲಿಸಿ ಚೌಳಹಿರಿಯೂರು ಸೇರಿದೆವು. ತೀರಿಕೊಂಡವರ ಹೆಂಡತಿ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಗ ಕೋಟಿನ ಫೋಟೋವನ್ನು ಮೊದಲು ಕೈಗಿಟ್ಟರು.

“ಇದ್ಯಾರಪ್ಪ? ಅಮಲ್ದಾರ್ರ ಹಂಗವ್ರೆ!”

“ಅಪ್ಪ ಕಣವ್ವ.”

“ಯಾರಪ್ಪ?”

ನಾನು ಏನೂ ಹೇಳದೆ ಎರಡನೆಯದನ್ನು ಕೊಟ್ಟೆ. ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಗಾಜು ಒರೆಸಿ ನೋಡಿದರು. ಮಾವ ಬಾಗಿಲ ಚೌಕಟ್ಟು ಹಿಡಿದುಕೊಂಡು, ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾಯುವವನ ಹಾಗೆ ನಿಂತಿದ್ದ.

“ಒಂದು ಜಲ್ಮ ಬಾಳಾಟ ಮಾಡ್ದೆ” ಅಂದರು ಅಜ್ಜಿ. “ಈಯಪ್ಪ ಒಂದಿನಾನಾದ್ರೂ ನನ್ ನೋಡಿ ಹಿಂಗ್ ನಕ್ಕಿದ್ದುಂಟಾ? ಇದ್ನೇ ಹಾಕ್ರಪ್ಪ. ಇನ್ಮೇಲಾದ್ರೂ ದಿನಾ ನನ್ ಕಡೀಕ್ ನೋಡ್ಕಂಡು ನಗ್ಲಿ.”

ಅಳುತ್ತಿದ್ದ ಮನೆಯೆಲ್ಲ ನಕ್ಕಿತು, ನಕ್ಕು ಮತ್ತೆ ಅತ್ತಿತು. ಆಮೇಲೆ ಹೊಸ ತಕರಾರು ಎದ್ದಿತು. ಫೋಟೋಗೆ ಹಾರ ಹಾಕುವುದು ಹೇಗೆ? ಮುದುಕಪ್ಪ ಹೋಗಿದ್ದಾರೆ, ಕರು ಹೋಗಿಲ್ಲ! ಅದೀಗ ಬೆಳೆದು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದೆ, ಮೇಲಾಗಿ ಗಬ್ಬ. ಬದುಕಿರುವ ಜೀವದ ಫೋಟೋಗೆ ಹಾರ ಹಾಕಿದರೆ ಅಪಶಕುನವಲ್ಲವೇ? ಬೀಗರು ಬೀಗರಲ್ಲೇ ಎರಡು ಪಕ್ಷವಾಯಿತು. ಕೊನೆಗೆ ಪೂಜೆಗೆ ಬಂದಿದ್ದ ಅಯ್ಯನವರು “ಹಾರ ಓರೆ ಹಾಕ್ರಪ್ಪ, ಯಜಮಾನ್ರ ಕಡೀಕೆ ಮಾತ್ರ ಬರ್ಲಿ” ಎಂದು ತೀರ್ಪು ಕೊಟ್ಟರು. ಹಾರ ಒಂದು ಮೂಲೆಯಿಂದ ಅಡ್ಡಡ್ಡ ಇಳಿಯಿತು. ಕರು ಹಾರದಿಂದ ಹೊರಗೆ ಉಳಿದು ಕಿವಿ ನೆಕ್ಕುತ್ತಲೇ ಇತ್ತು. ನನ್ನ ಕೋಟಿನ ಅಮಲ್ದಾರ್ರು ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಕೂತರು.

ಅವತ್ತು ಮಾವ ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ. ವಾಪಸ್ ಬರುವಾಗ ಕಡೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ನಾನು ಕಾಯುತ್ತಿದ್ದ ಜಂಬದ ಮಾತಿಗೆ ಬದಲಾಗಿ, ಇನ್ನೇನೋ ಹೇಳಿದ.

“ನಂದು ಒಂದೂ ಇಲ್ಲ ಕಣೇ.”

“ಏನು ಇಲ್ಲ?”

“ಫೋಟೋ. ಯಾವಾಗ್ಲೂ ನಾನೇ ತೆಗ್ಯೋನು, ನಂದು ಯಾರು ತೆಗ್ದಾರು? ಹೆಂಡ್ತಿ ಮಕ್ಳು ಇದ್ದಿದ್ರೆ ಅವ್ರು ಬರೋರು ನಿನ್ ಹತ್ರ, ನಮ್ಮಪ್ಪಂದು ಒಂದು ಫೋಟೋ ಮಾಡ್ಕೊಡಿ ಅಂತ. ನಂಗ್ಯಾರು ಬರ್ತಾರೆ? ನೀನೇ ಕೇಳ್ಕೊಂಡು ಬರ್ಬೇಕು, ನೀನೇ ಮಾಡ್ಕೊಡ್ಬೇಕು.”

ತರೀಕೆರೆ ಬಸ್ಸು ಬಂತು, ಅವನ ಕ್ಯಾಮೆರಾ ಚೀಲವನ್ನು ನಾನೇ ಹೊತ್ತು ಹತ್ತಿದೆ.

ಸ್ಟುಡಿಯೋಗೆ ಬಂದವಳೇ ಅವನನ್ನು ಸ್ಟೂಲಿನ ಮೇಲೆ ಕೂರಿಸಿದೆ. ಹಿಮದ ಬೆಟ್ಟ ಸುತ್ತಿಟ್ಟು ಬರೀ ಗೋಡೆ ಬಿಟ್ಟೆ. “ಗಲ್ಲ ಕೆಳಗೆ, ಭುಜ ನೆಟ್ಟಗೆ” ಅಂದೆ. ಅದೇನಾಯಿತೋ, ಊರಿಗೆಲ್ಲ ಪೋಸು ಬೇಡ ಅಂದವನು ಕಂಬದ ಹಾಗೆ ಬಿಗಿದುಕೊಂಡ. ತೆಗೆದರೆ ವೋಟಿನ ಕಾರ್ಡು. ನಾನು ತೆಗೆಯಲಿಲ್ಲ. ಕ್ಯಾಮೆರಾ ಹಿಡಿದು ಎದುರು ಕೂತೆ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಬಸ್ಸಿಗೆ ಹೊತ್ತಾಯಿತು ಅಂದರು. ಪಕ್ಕದ ಬೀದಿಯ ಸ್ಟುಡಿಯೋಗೆ ಹೋಗಿ ಅಂದೆ. ಹೌದು, ನಾನೇ ಅಂದೆ!

ಕೊನೆಗೆ ಮಾವನಿಗೆ ತಡೆಯಲಾಗಲಿಲ್ಲ. “ಏನೇ ಕೂತಿದ್ದೀಯ ಗೂಬೆ ಹಂಗೆ? ಆ ದೀಪ ಇಷ್ಟು ಹತ್ರ ಇಡ್ತಾರಾ? ಆಚೆ ತಿರುಗ್ಸೇ! ಇಷ್ಟು ವರ್ಷದಿಂದ ಏನು ಕಲ್ತೆ ನೀನು?” ಎಂದು ಬೆರಳೆತ್ತಿ ಬೈಯುತ್ತ, ಬೈಯುತ್ತಲೇ ತನಗೇ ನಗು ಬಂದು, ಅರ್ಧ ಎದ್ದ. ಆಗ ತೆಗೆದೆ.

ಶೋಕೇಸಿನಲ್ಲಿ ಈಗ ಮದುಮಗಳ ಜಾಗದಲ್ಲಿ ಅದೇ ಇದೆ. ಬೆಳ್ಳಗೆ ಮಾಡಿಲ್ಲ, ಒಂದು ಸುಕ್ಕೂ ಮುಟ್ಟಿಲ್ಲ. ಮಾವ ದಿನಾ ಜಗಳವಾಡುತ್ತಾನೆ: “ತೆಗಿ ಅದನ್ನ! ನಾನು ತೆಗ್ದಿದ್ದು ಚೌಳಹಿರಿಯೂರಲ್ಲಿ ಗೋಡೆ ಮೇಲಿದೆ, ಸಾಕು ನಂಗೆ. ನಿನ್ ಶೋಕೇಸ್ ಯಾರಿಗೆ ಬೇಕು? ಬೆಳಕೂ ಸರಿ ಇಲ್ಲ.” ತೆಗೆಯುವುದಿಲ್ಲ, ಹೋಗು! ಗಿರಾಕಿಗಳು ಅದನ್ನು ನೋಡಿ ದನಿ ತಗ್ಗಿಸಿ “ಯಾವಾಗ ತೀರ್ಕೊಂಡ್ರು?” ಅನ್ನುತ್ತಾರೆ. ಎದುರಿನ ಹೋಟೆಲಿನಲ್ಲಿ ಬೋಂಡಾ ತಿನ್ನುತ್ತಿರುವವನನ್ನು ತೋರಿಸುತ್ತೇನೆ.

ಆ ಫೋಟೋಗೆ ಹಾರ ಹಾಕಬೇಕಾದ ದಿನ ಒಂದು ಬರುತ್ತದೆ, ನನಗೂ ಗೊತ್ತು. ಬರಲಿ. ಬಂದು ನನ್ನ ಬಾಗಿಲು ತಟ್ಟಲಿ. ಇಷ್ಟು ವರ್ಷ ಯಾವ ಗಿರಾಕಿಗೂ ಹೇಳದ ಮಾತನ್ನು ಆ ದಿನಕ್ಕೆ ಹೇಳುತ್ತೇನೆ: “ಇವತ್ತು ಬೆಳಕು ಒಪ್ಪಲಿಲ್ಲ. ಹೋಗಿ, ಇನ್ನೊಂದಿನ ಬನ್ನಿ.”