ಎದಿ ಗುಳಿಗಿಯ ಗಿರಾಕಿಗಳು

ಗಜೇಂದ್ರಗಡದಲ್ಲಿ ನನ್ನದೊಂದು ಔಷಧಿ ಅಂಗಡಿ. ಹಾರ್ಟ್ ಅಟ್ಯಾಕ್ ಆಗಿ, ದೊಡ್ಡ ದವಾಖಾನೆಯಿಂದ ಬದುಕಿ ಬಂದವರು ತಿಂಗಳಿಗೊಮ್ಮೆ ನನ್ನ ಕಟ್ಟೆ ಹತ್ತಲೇಬೇಕು. ಬಂದವರು ಬರೀ ಗುಳಿಗೆ ಒಯ್ದಿದ್ದರೆ ನನಗೆ ಬರೆಯಲಿಕ್ಕೆ ಏನೂ ಇರುತ್ತಿರಲಿಲ್ಲ.

೧. ಅರ್ಧಾಂಗಿಯ ಪಾಲು

ರೋಣ ರಸ್ತೆಯ ಕಾಳಿನ ವ್ಯಾಪಾರಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು. ಒಂದು ತಿಂಗಳ ಗುಳಿಗೆ ಒಯ್ದವರು ಒಂದೂವರೆ ತಿಂಗಳಾದರೂ ಪತ್ತೆಯಿಲ್ಲ. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೆ ಎರಡು ಹೊತ್ತು ಕೊಡುವ ಗುಳಿಗೆ ಅದು, ಬಿಟ್ಟರೆ ಜೀವಕ್ಕೇ ಅಪಾಯ. ಹೆದರಿ ಫೋನ್ ಮಾಡಿದೆ.

"ಅಣ್ಣಾರ, ಗುಳಿಗಿ ಮುಗಿದಿರಬೇಕಲ್ರಿ?"

"ಇನ್ನೂ ಹದಿನೈದು ದಿನದ್ದು ಐತಿ. ದಿನಕ್ಕ ಒಂದ ಗುಳಿಗಿ ತುಂಡು ಮಾಡಿ ಅರ್ಧ ನಾ ತಗೋತೀನಿ, ಅರ್ಧ ನಮ್ಮ ಮನಿಯಾಕಿಗಿ."

"ಆಕಿಗಿ ಯಾಕ್ರಿ? ಅಟ್ಯಾಕ್ ಆಗಿದ್ದು ನಿಮಗಲ್ಲೇನ್ರಿ?"

"ನನಗ ಬರೇ ನೋವು ಬಂತು. ಅಂಜಿದಾಕಿ ಆಕಿ. ನನಗಿಂತ ಜೋರ್ ಎದಿ ಹೊಡಕೊಂಡಿದ್ದು ಆಕಿದ."

ಅವತ್ತೇ ಇಬ್ಬರನ್ನೂ ಡಾಕ್ಟರ ಮುಂದೆ ಕೂರಿಸಿದೆ. ಪುಣ್ಯಕ್ಕೆ ಇಬ್ಬರಿಗೂ ಏನೂ ಆಗಿರಲಿಲ್ಲ. ಡಾಕ್ಟರು ಚೆನ್ನಾಗಿ ಬೈದರು. ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರು:

"ಇವ್ರು ಲಗ್ನ ಆದಾಗಿಂದ ನನಗ ಒಂದು ಪೇಡೆ ಸೈತ ಹಂಚಿ ತಿಂದವ್ರಲ್ರಿ. ಪ್ರೀತೀಲೆ ಕೊಡಾಕತ್ಯಾರಂತ ನುಂಗಿದೆ."

೨. ಎಲ್ಲಿಗಿ?

ಸೀರೆ ನೇಯುವ ಕಾಕಾ ಒಬ್ಬರು, ಅಟ್ಯಾಕ್ ಆದ ಮೇಲೆ ಡಾಕ್ಟರು ಹೇಳಿದರೂ ನಡೆದಾಡಲು ಒಲ್ಲೆ ಅನ್ನುತ್ತಿದ್ದರು. "ಮಗ್ಗದಾಗ ಇಷ್ಟು ವರ್ಷ ತುಳಿದದ್ದು ಕೂಡಿಸಿದ್ರ ಪಂಢರಪುರಕ್ಕ ನಾಕು ಸಲ ಹೋಗಿ ಬಂದಂಗ ಆಗ್ತೈತಿ" ಎಂದು ವಾದ. ಅವರ ಹೆಂಡತಿ ಕಾಕು ಅತ್ತು ಕರೆದ ಮೇಲೆ ದಿನಾ ಸಂಜೆ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಡತೊಡಗಿದರು. ಒಂದು ದಿನವೂ ತಪ್ಪಲಿಲ್ಲ. ತಿಂಗಳಾದ ಮೇಲೆ ತೂಕ ನೋಡಿದರೆ ಎರಡು ಕಿಲೋ ಹೆಚ್ಚು!

ಮರುದಿನ ಕಾಕು ಸುಮ್ಮನೆ ಹಿಂದೆ ಹೋದರು. ಬಸ್ ಸ್ಟ್ಯಾಂಡ್ ಹತ್ತಿರದ ಗಾಡಿಯ ಮುಂದೆ ಕಾಕಾ, ಕೈಯಲ್ಲಿ ಬಿಸಿ ಮಿರ್ಚಿ ಭಜಿ.

"ಏನ್ರಿ ಇದು?"

"ಡಾಕ್ಟರು ನಡೀರಿ ಅಂದ್ರು. ಎಲ್ಲಿಗಿ ಅಂತ ಎಲ್ಲಿ ಹೇಳ್ಯಾರ?"

೩. ಇಬ್ಬರು ಸೊಸೆಯರು

ಲಕ್ಕಲಕಟ್ಟಿಯ ಅಜ್ಜಿಗೆ ಓದಲು ಬರದು. ಅಟ್ಯಾಕ್ ಆಗಿ ಮನೆಗೆ ಬಂದ ಮೊದಲ ವಾರವೇ ಮುಂಜಾನೆಯ ಗುಳಿಗೆಯನ್ನು ಎರಡೂ ಹೊತ್ತು ನುಂಗಿ, ತಲೆ ತಿರುಗಿ ಹಿತ್ತಲಲ್ಲಿ ಬಿದ್ದರು. "ನನ್ನ ಕೈಲೆ ಆಗೂದಿಲ್ಲ, ಈ ಗುಳಿಗಿ ಸಹವಾಸನ ಬ್ಯಾಡ" ಎಂದು ಹಟ ಹಿಡಿದರು.

ಆಗ ಸಣ್ಣ ಸೊಸೆ ಮಗ್ಗುಲಿಗೆ ಕೂತು ಹೇಳಿದಳಂತೆ: "ಅತ್ತಿ, ಮುಂಜಾನೆ ನಿಮಗ ಚಾ ಕೊಡಾಕಿ ಯಾರು? ದೊಡ್ಡಕ್ಕ. ಬೆಳ್ಳಗ, ದುಂಡಗ. ಈ ಬಿಳೀ ಗುಳಿಗಿನ ಆಕಿ ಅನ್ಕೋರಿ. ಸಂಜಿಮುಂದ ಕಾಲು ಒತ್ತಾಕಿ ನಾನು. ಈ ಸಣ್ಣ ಕೆಂಪು ಗುಳಿಗಿ ನಾನು."

ಅಲ್ಲಿಂದ ಮುಂದೆ ಒಂದು ಹೊತ್ತೂ ತಪ್ಪಲಿಲ್ಲ. ಅಜ್ಜಿ ಒಬ್ಬರೇ ಬಸ್ ಹತ್ತಿ ಬರುವಷ್ಟು ಗಟ್ಟಿಯಾದರು.

ಒಂದು ಸಂತೆಯ ದಿನ ಅಂಗಡಿ ತುಂಬ ಮಂದಿ. ಅಜ್ಜಿ ಬಂದವರೇ ಕೂಗಿದರು: "ಲಗೂನ ಕೊಡಪಾ. ದೊಡ್ಡ ಸೊಸಿ ನಿನ್ನೆನ ಮುಗದ್ಳು. ಸಣ್ಣಾಕಿ ಇನ್ನೆರಡು ದಿನ ಅಷ್ಟ."

ಪಕ್ಕದಲ್ಲಿ ನಿಂತಿದ್ದ ರೈತರೊಬ್ಬರು ಗಾಬರಿಯಾಗಿ ತಲೆಯ ಟೊಪಿಗೆ ತೆಗೆದರು. "ಅಯ್ಯ ಶಿವನ! ಏನಾಗಿತ್ತಬೇ ಯವ್ವಾ ಆಕಿಗಿ?"

"ಆಕಿಗೇನಾಗ್ತೈತಿ? ದಿನಾ ಮುಂಜಾನೆ ನಾಷ್ಟಾ ಆದಮ್ಯಾಲ ನಾನ ನುಂಗಿದೆ."

"ಮತ್ತ... ಸಣ್ಣಾಕಿ?"

"ಆಕಿನ್ನ ಸಂಜಿಗಿ."

ರೈತರು ಎರಡು ಹೆಜ್ಜೆ ಹಿಂದೆ ಸರಿದರು. ನಾನು ನಗು ತಡೆಯಲಾರದೆ ಕೌಂಟರಿನ ಕೆಳಗೆ ಕೂತುಬಿಟ್ಟೆ. ಅಜ್ಜಿ ಮಾತ್ರ ಅವರಿಗೆ ಸಮಾಧಾನ ಹೇಳುತ್ತಿದ್ದರು:

"ಅಂಜಬ್ಯಾಡಪಾ. ಮದಲ ಮದಲ ಇಬ್ರೂ ಗಂಟಲದಾಗ ಸಿಕ್ಕೊಳ್ತಿದ್ರು. ಈಗ ಚಲೋ ಹೊಂದ್ಯಾರ."