ಹೊಸ್ತಿಲು ತುಳಿಯದೆ ಪಬ್ಬಿಗೆ ಹೋದದ್ದು

ಹೊಸ್ತಿಲು ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಹೋಗಬೇಕು. ಹಾಸನದ ನಮ್ಮ ಬೀದಿಯ ಗುಡಿಯಲ್ಲಿ ಅಂಟಿದ ಅಭ್ಯಾಸ. ಅಮೆರಿಕಕ್ಕೆ ಬಂದ ಮೇಲೆ ಆ ಕೈಗೆ ಕೆಲಸವೇ ಇಲ್ಲದಾಯಿತು. ಇಲ್ಲಿನ ಗ್ರೋಸರಿ ಅಂಗಡಿಯ ಬಾಗಿಲು ನನ್ನನ್ನು ಕಂಡೊಡನೆ ತಾನೇ ಪಕ್ಕಕ್ಕೆ ಸರಿಯುತ್ತದೆ. ನಮಸ್ಕರಿಸೋಣವೆಂದರೆ ಹೊಸ್ತಿಲೇ ಇಲ್ಲ. ಸ್ಯಾನ್ ಹೊಸೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೇವರು ಕೋಟು ತೂಗುಹಾಕುವ ಕ್ಲಾಸೆಟ್ಟಿನಲ್ಲಿದ್ದಾನೆ. ಬೆಚ್ಚಗಿದ್ದಾನಲ್ಲ, ಅಷ್ಟೇ ಸಮಾಧಾನ.

ಎಲ್ಲ ಕಂಪನಿಗಳ ಹೆಸರಿಗೂ ಡಾಟ್ ಕಾಮ್ ಎಂಬ ಬಾಲ ಮೊಳೆಯುತ್ತಿದ್ದ ಕಾಲ ಅದು. ನಮ್ಮ ಯಜಮಾನರ ಕಂಪನಿಗೂ ಬಾಲವಿತ್ತು. ಮೇಲೆ ಮಾರ್ಟಿನ್ ಎಂಬ ಇಂಗ್ಲೆಂಡಿನ ಬಾಸೂ ಇದ್ದ. ಅವನೂರಿನ ಯಾರೋ ಪುಣ್ಯಾತ್ಮ ಅಲ್ಲಿನ ಹಳ್ಳಿಯ ಪುರಾತನ ಪಬ್ಬೊಂದನ್ನು ಬಿಚ್ಚಿ, ತೊಲೆ, ಕಂಬ, ಕಲ್ಲುಗಳನ್ನೆಲ್ಲ ಹಡಗಿನಲ್ಲಿ ತಂದು, ಇಲ್ಲಿನ ಗುಡ್ಡದ ಮೇಲೆ ಮತ್ತೆ ಜೋಡಿಸಿದ್ದನಂತೆ. ಶನಿವಾರ ಅಲ್ಲಿ ಊಟ, ಹೆಂಡತಿಯರ ಸಮೇತ.

"ಹೆಂಡದಂಗಡಿಗಾ ರೀ?"

"ಹೆಂಡದಂಗಡಿ ಅಲ್ಲ ಕಣೇ, ಹೆರಿಟೇಜು. ನಾನ್ನೂರು ವರ್ಷದ ಮರ."

"ಮರ ನಾನ್ನೂರು ವರ್ಷದ್ದು. ಹೆಂಡ ಇವತ್ತಿಂದೇ ತಾನೇ?"

ವಿಮಾನ ಹತ್ತುವ ಮುಂಚೆ ಅಮ್ಮನಿಗೆ ಮಾತು ಕೊಟ್ಟಿದ್ದೆ: ಹೆಂಡದಂಗಡಿಯ ಹೊಸ್ತಿಲು ತುಳಿಯುವುದಿಲ್ಲ. ಇತ್ತ ನಾನು ಹೋಗದಿದ್ದರೆ ಬಾಸಿನ ಮುಂದೆ ಇವರ ಮುಖ ಸಣ್ಣದಾಗುತ್ತದೆ. ಕೊನೆಗೆ, ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ ಎಂದು ರಾಜಿಯಾಯಿತು.

ಕಾರಿಳಿದು ನೋಡುತ್ತೇನೆ: ಬಿಳಿ ಗೋಡೆಯ ತುಂಬ ಕಪ್ಪು ಮರದ ಪಟ್ಟಿಗಳು, ವಿಭೂತಿಯನ್ನು ಬಣ್ಣ ಅದಲುಬದಲು ಮಾಡಿ ಬಳಿದ ಹಾಗೆ. ಗರ್ಭಗುಡಿಯದರಷ್ಟೇ ತಗ್ಗಾದ ಬಾಗಿಲು. ಕೆಳಗೆ ಕಲ್ಲಿನ ಹೊಸ್ತಿಲು, ಎಷ್ಟೋ ತಲೆಮಾರಿನ ಕಾಲು ಸವೆಸಿ ನಡುವೆ ಬಟ್ಟಲಿನಂತೆ ಕುಳಿಬಿದ್ದದ್ದು. ಥೇಟ್ ನಮ್ಮ ಗುಡಿಯದ್ದೇ! ಕೈ ನನ್ನನ್ನು ಕೇಳಲಿಲ್ಲ. ಚಪ್ಪಲಿ ಬಿಟ್ಟೆ, ಬಗ್ಗಿದೆ, ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ, ಬಲಗಾಲಿಟ್ಟು ದಾಟಿದೆ. ತಲೆಯೆತ್ತಿದರೆ ಎದುರಿಗೆ ಸಾಲು ಸಾಲು ಬಾಟಲಿ!

ಹಿಂದೆ ದಡ್ ಎಂದು ಸದ್ದಾಯಿತು. ಇವರ ಹಣೆ ಬಾಗಿಲ ತೊಲೆಗೆ ಬಡಿದಿತ್ತು. ಮಾರ್ಟಿನ್ ಎದ್ದು ಬಂದವನು ಇವರನ್ನು ಬಿಟ್ಟು ನನಗೆ ಕೈಮುಗಿದ. "ಈ ಬಾಗಿಲಿಗೆ ಮರ್ಯಾದೆ ಕೊಟ್ಟವರು ನೀವೊಬ್ಬರೇ ಮೇಡಂ. ಉಳಿದವರೆಲ್ಲ ತಲೆ ಕೊಡುತ್ತಾರೆ!"

"ನಮ್ಮ ದೇವರ ಬಾಗಿಲೂ ಹೀಗೇ. ಬಗ್ಗದವರಿಗೆ ಒಂದು ಕೊಡುತ್ತೆ" ಎಂದೆ, ನನಗೆ ಬರುವ ಇಂಗ್ಲಿಷಿನಲ್ಲಿ.

ಅವನ ಖುಷಿ ಹೇಳತೀರದು. ಮೊಳೆಯಿಲ್ಲದೆ ಬರೀ ಮರದ ಗೂಟದಿಂದ ಬಿಗಿದ ತೊಲೆಗಳನ್ನು ತೋರಿಸಿದ. ಹೊಗೆ ಕುಡಿದು ಕುಡಿದು ಅವು ನಮ್ಮಜ್ಜಿಯ ಅಡುಗೆಮನೆ ಅಟ್ಟದ ಬಣ್ಣಕ್ಕೆ ತಿರುಗಿದ್ದವು. ಗೋಡೆಯೊಳಗಿನ ಒಲೆಯಂತೂ ಮದುವೆಮನೆಯ ಹುಳಿಯ ಕೊಪ್ಪರಿಗೆ ಹಿಡಿಸುವಷ್ಟು ದೊಡ್ಡದು. ನನಗಾಗಿ ಹೊಸ ಎಣ್ಣೆಯಲ್ಲಿ ಆಲೂಗೆಡ್ಡೆ ಕರಿಸಿದ, ನಿಂಬೆಹಣ್ಣಿನ ಪಾನಕ ತರಿಸಿದ. ದೇವರು ದೊಡ್ಡವನು. ಇವರು ಮಾತ್ರ ತಣ್ಣನೆಯ ಬಿಯರಿನ ಲೋಟವನ್ನು ಒಮ್ಮೆ ಹಣೆಗೆ, ಒಮ್ಮೆ ಬಾಯಿಗೆ ಹಿಡಿಯುತ್ತ ಕೂತಿದ್ದರು.

ಹೊಸ್ತಿಲು ತುಳಿಯಲಿಲ್ಲವಲ್ಲ, ದಾಟಿದೆನಷ್ಟೆ. ದೇವರು ಒಪ್ಪಿಯಾನು, ಅಮ್ಮ? ಮರುದಿನ ಫೋನಿನಲ್ಲಿ ಹೇಳಿಬಿಡೋಣವೆಂದು, "ಹಳೇ ಕಟ್ಟಡ ಕಣಮ್ಮಾ, ಕಲ್ಲಿನ ಹೊಸ್ತಿಲು, ತಗ್ಗು ಬಾಗಿಲು, ಬಗ್ಗಿ ನಮಸ್ಕಾರ ಮಾಡಿ ಹೋದೆ" ಎಂದು ಶುರುಮಾಡಿದೆ.

"ಅಲ್ಲೂ ಗುಡಿ ಸಿಕ್ತಲ್ಲ, ಪುಣ್ಯವಂತೆ ಕಣೇ ನೀನು! ತೀರ್ಥ ಕೊಟ್ರಾ?"

"ನಿನ್ನ ಅಳಿಯಂದ್ರು ತಗೊಂಡ್ರು. ನಾನು ಬೇಡ ಅಂದೆ."

"ಅಯ್ಯೋ ಮಂಕೇ, ತೀರ್ಥ ಬೇಡ ಅಂತಾರೇನೇ? ಮುಂದಿನ ಸಲ ನೀನೂ ತಗೋಬೇಕು. ಮಾತು ಕೊಡು ನಂಗೆ!"

ಪಕ್ಕದಲ್ಲಿ ಇವರು ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದರು. ಮಾತು ಕೊಟ್ಟೆ. ಅಮ್ಮನಿಗೆ ಕೊಟ್ಟ ಮಾತು ಮೀರಿ ನನಗೆ ಅಭ್ಯಾಸವಿಲ್ಲ. ಮಾರ್ಟಿನ್ ಬೇರೆ ಮತ್ತೆ ಊಟಕ್ಕೆ ಕರೆದಿದ್ದ.