ಮಾವ ಹಲ್ಲು ನೋಡಿ ಆರಿಸಿದ ಗ್ರಾಫಿಕ್ಸ್ ಕಾರ್ಡು

ಯಾವುದೇ ಒಂದು ವಿಷಯದಲ್ಲಿ ‘ಇವರಿಗೆ ಗೊತ್ತು’ ಎಂಬ ಹೆಸರು ಬಂದುಬಿಟ್ಟರೆ ಮನುಷ್ಯನ ನೆಮ್ಮದಿ ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು. ನಾನು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವವನು. ಒಮ್ಮೆ ನಮ್ಮ ಪ್ರಾಂಶುಪಾಲರ ಕಂಪ್ಯೂಟರ್ ಮಿಸುಕಾಡದೆ ನಿಂತುಬಿಟ್ಟಾಗ, ಏನು ಮಾಡಬೇಕೆಂದು ತೋಚದೆ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಅದು ಸರಿಹೋಯಿತು. ನನ್ನ ಕಂಪ್ಯೂಟರ್ ಜ್ಞಾನ ಅಷ್ಟಕ್ಕೆ ಆರಂಭವಾಗಿ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಅಂದಿನಿಂದ ಸ್ಟಾಫ್ ರೂಮಿನಲ್ಲಿ ನಾನೇ ತಜ್ಞ. ಈ ಸುದ್ದಿ ಮನೆಗೂ ಮುಟ್ಟಿತು. ಮುಟ್ಟಿಸಿದವನು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ನನ್ನ ಹೆಂಡತಿ ಕುಸುಮ ಮನೆಯಲ್ಲೇ ಕೂತು ಫ್ಲೆಕ್ಸ್ ಡಿಸೈನ್ ಮಾಡುತ್ತಾಳೆ. ನಾಮಕರಣ, ಗೃಹಪ್ರವೇಶ, ಬೀಗರ ಊಟ, ಯಾವುದಿದ್ದರೂ ಸರಿ. ನಮ್ಮ ಕಡೆಯ ಬೀಗರ ಊಟದ ಫ್ಲೆಕ್ಸ್ ಎಂದರೆ ಸಾಮಾನ್ಯವಲ್ಲ. ಮದುಮಕ್ಕಳು ಒಂದು ಮೂಲೆಯಲ್ಲಿರುತ್ತಾರೆ, ಉಳಿದ ಜಾಗವೆಲ್ಲ ಶುಭ ಕೋರುವವರದು. ಅವರಲ್ಲಿ ಒಬ್ಬರ ಮುಖ ಚಿಕ್ಕದಾದರೂ ಊಟಕ್ಕೆ ಮೊದಲೇ ಜಗಳ. ಅಷ್ಟೂ ಮುಖಗಳನ್ನು ಹೊತ್ತು ನಮ್ಮ ಹಳೆಯ ಕಂಪ್ಯೂಟರ್ ಏದುಸಿರು ಬಿಡತೊಡಗಿತ್ತು. ಹುಡುಗಿಯ ಸೋದರಮಾವನ ಮೀಸೆ ಮೊದಲು ಬಂದು, ಅವನ ಮಿಕ್ಕ ಮುಖ ಪರದೆಯ ಮೇಲೆ ಮೂಡುವುದಕ್ಕೆ ಕುಸುಮ ಒಗ್ಗರಣೆ ಹಾಕಿ ಬರುವಷ್ಟು ಹೊತ್ತು ಬೇಕಾಗುತ್ತಿತ್ತು. ಕೊನೆಗೊಂದು ದಿನ ಅವಳು, “ರೀ, ನಿಮ್ಮ ಕೈಲಿ ಆಗುತ್ತೋ ಇಲ್ಲವೋ ಹೇಳಿಬಿಡಿ. ಇಲ್ಲ ಅಂದ್ರೆ ಕಂಪ್ಯೂಟರ್ ಅಂಗಡಿಯವರನ್ನೇ ಕರೆಸ್ತೀನಿ” ಎಂದಳು.

ಅಂಗಡಿಯವನು ಮನೆಗೆ ಬರುವುದೆಂದರೆ ನನ್ನ ಮರ್ಯಾದೆ ಹೊಸಿಲು ದಾಟಿ ಹೊರಗೆ ಹೋಗುವುದೆಂದೇ ಅರ್ಥ. “ಅಂಗಡಿಯವರು ಯಾಕೆ? ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಆಯಿತು, ನಾನೇ ತರ್ತೀನಿ” ಎಂದೆ. ಪರದೆಯ ಮೇಲೆ ಚಿತ್ರ ಬೇಗ ಮೂಡಿಸುವ ಬಿಡಿಭಾಗ ಅದು ಎಂದು ಯಾವುದೋ ವಿಡಿಯೊದಲ್ಲಿ ಕೇಳಿದ್ದೆ. ಆಮೇಲೆ ಇನ್ನಷ್ಟು ವಿಡಿಯೊ ನೋಡಿದಾಗ ನನ್ನ ಎದೆ ಒಡೆಯಿತು. ಅಂಗಡಿಯಲ್ಲಿರುವ ಕಾರ್ಡೆಲ್ಲ ನಮ್ಮ ಕಂಪ್ಯೂಟರಿನ ಡಬ್ಬಕ್ಕೆ ಹೊಂದುವುದಿಲ್ಲವಂತೆ. ಒಳಗೆ ಮದರ್‌ಬೋರ್ಡ್ ಎಂಬ ಹಲಗೆಯಿದೆ, ಕಾರ್ಡು ಕೂರಬೇಕಾದದ್ದು ಅದರ ಮೇಲೆ. ಹಲಗೆ ಹಳೆಯದಾದರೆ ಹೊಸ ಕಾರ್ಡನ್ನು ಅದು ಗುರುತಿಸದೆಯೂ ಇರಬಹುದಂತೆ. ಡಬ್ಬ ಬಿಚ್ಚಿ ಅದು ಯಾವ ಹಲಗೆ ಎಂದು ನೋಡುವ ಧೈರ್ಯ ನನಗಿರಲಿಲ್ಲ. ದಿನವೂ ಅದರ ಮುಂದೆ ಕೂತು ತಟ್ಟಿ ನೋಡಿ, ಗಂಭೀರವಾಗಿ ತಲೆಯಾಡಿಸಿ ಏಳುತ್ತಿದ್ದೆ.

ಅಷ್ಟರಲ್ಲಿ ಹಿರೀಸಾವೆಯಿಂದ ನನ್ನ ಮಾವ, ಅಂದರೆ ಕುಸುಮಳ ತಂದೆ, ಬಂದಿಳಿದರು. ಸುತ್ತಲಿನ ಹಳ್ಳಿಗಳಲ್ಲಿ ಯಾರು ಹಸು ಕೊಳ್ಳಬೇಕಾದರೂ ಮಾವ ಜೊತೆಯಲ್ಲಿದ್ದು ಹಲ್ಲು ನೋಡಿ ವಯಸ್ಸು ಹೇಳಬೇಕು. ನಾನು ಕಾರ್ಡು ತರಲು ಹಾಸನಕ್ಕೆ ಹೊರಟಿದ್ದು ಕಂಡು, “ಅಳಿಯಂದ್ರೇ, ತಡೀರಿ, ನಾನೂ ಬತ್ತೀನಿ. ಒಬ್ರೇ ಓದ್ರೆ ಸುಮ್ನೆ ಏನೋ ಒಂದ ತಲೆಗೆ ಕಟ್ಬುಡ್ತಾರೆ” ಎಂದು ಹೆಗಲಿಗೆ ಟವೆಲ್ ಹಾಕಿಕೊಂಡರು. ಬೇಡ ಎನ್ನಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಜೊತೆಗೊಬ್ಬರು ಇದ್ದರೆ ಕೊನೆಗೆ ತಪ್ಪು ಹೊರಿಸಲು ಅನುಕೂಲ ಎಂದೂ ಅನ್ನಿಸಿತು.

ಹಾಸನದ ಅಂಗಡಿಯವನು ಕೇಳಿದ ಮೊದಲ ಪ್ರಶ್ನೆಯೇ, “ಬೋರ್ಡ್ ಯಾವುದು ಸಾರ್?”

“ಹಳೇದು” ಎಂದೆ.

“ಹಳೇದು ಅಂದ್ರೆ? ಮಾಡೆಲ್ ನಂಬರ್ ಬೇಕು. ಫೋಟೊ ಇದೆಯಾ?”

ಇತ್ತು. ಹೆಮ್ಮೆಯಿಂದ ತೋರಿಸಿದೆ. ಡಬ್ಬದ ಹೊರಗಿನ ಫೋಟೊ ಅದು, ಮೇಲಿಟ್ಟಿದ್ದ ಗಣೇಶನ ಸಮೇತ. ಅವನು ಒಮ್ಮೆ ಗಣೇಶನನ್ನೂ ಒಮ್ಮೆ ನನ್ನನ್ನೂ ನೋಡಿದ. ವಿಧಿಯಿಲ್ಲದೆ ಕುಸುಮಳಿಗೆ ಫೋನ್ ಮಾಡಿದೆ. ನಾನು ದಿನಗಟ್ಟಲೆ ಹೆದರಿ ಮುಟ್ಟದಿದ್ದ ಡಬ್ಬವನ್ನು ಅವಳು ತರಕಾರಿ ಹೆಚ್ಚುವ ಚಾಕುವಿನ ತುದಿಯಲ್ಲಿ ಬಿಚ್ಚಿ, ನಾವು ಕಾಫಿ ಕುಡಿದು ಮುಗಿಸುವುದರೊಳಗೆ ಒಳಗಿನ ಫೋಟೊ ಕಳಿಸಿದಳು. “ಭಾರಿ ಧೂಳು ರೀ” ಎಂದೂ ಬರೆದಿದ್ದಳು.

ಅಂಗಡಿಯವನು ಫೋಟೊ ನೋಡಿ ಒಂದು ಪುಟ್ಟ ಕಾರ್ಡು ತೆಗೆದಿಟ್ಟ. ಮಾವನ ಮುಖ ಸಪ್ಪಗಾಯಿತು. “ಇದೇನಪ್ಪಾ, ಬಡಕಲು. ಅಗೋ, ಎಲ್ಡು ಫ್ಯಾನಿಂದು ಐತಲ್ಲ, ಅದ ತೋರ್ಸು.”

“ಯಜಮಾನ್ರೇ, ಅದು ಎಳೆಯೋ ಕರೆಂಟಿಗೆ ಇವರ ಡಬ್ಬ ತಡೆಯಲ್ಲ. ಉದ್ದಾನೂ ಜಾಸ್ತಿ, ಒಳಗೆ ಹಿಡಿಸಲ್ಲ.”

ಮಾವ ಒಲ್ಲದ ಮನಸ್ಸಿನಿಂದ ಪುಟ್ಟದನ್ನೇ ಕೈಗೆತ್ತಿಕೊಂಡರು. ತೂಗಿ ನೋಡಿದರು, ತಿರುವಿ ನೋಡಿದರು, ಕನ್ನಡಕ ಏರಿಸಿ ಅದರ ಅಂಚಿನಲ್ಲಿ ಸಾಲಾಗಿದ್ದ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಬೆರಳಾಡಿಸಿದರು. “ಅಲ್ಲು ಚೆನ್ನಾಗವೆ. ಇನ್ನೂ ಎಳೇದು ಕಣಪ್ಪ. ತಗೊಳ್ಳಿ ಅಳಿಯಂದ್ರೇ” ಎಂದು ತೀರ್ಪು ಕೊಟ್ಟರು. ನಾನೂ ಕನ್ನಡಕ ಏರಿಸಿ ಹಲ್ಲು ನೋಡಿ, “ಹೌದು, ನಾನೂ ಇದನ್ನೇ ಅಂದುಕೊಂಡಿದ್ದೆ” ಎಂದೆ. ಅಂಗಡಿಯವನು ಬಿಲ್ ಬರೆಯುವ ನೆಪದಲ್ಲಿ ಬಗ್ಗಿ ನಗುವನ್ನು ಅಡಗಿಸಿಕೊಂಡ.

ಮನೆಗೆ ಬಂದ ಮೇಲೆ ಮಾವ ಡಬ್ಬದೊಳಗೆ ಇಣುಕಿ ಹೌಹಾರಿದರು. “ಹೊಸಾ ಅಸ ತಂದ್ಬುಟ್ಟು ಕೊಟ್ಟಿಗೆ ಗುಡಿಸ್ದೆ ಕಟ್ತಾರಾ? ನಡೀರಿ” ಎಂದು ಡಬ್ಬವನ್ನು ಹೆಗಲ ಮೇಲಿಟ್ಟುಕೊಂಡು ರಸ್ತೆಯ ಕೊನೆಯ ಪಂಚರ್ ಅಂಗಡಿಗೆ ಹೊರಟೇಬಿಟ್ಟರು. ಲಾರಿ ಟೈರಿಗೆ ಹೊಡೆಯುವ ಗಾಳಿಯನ್ನು ಡಬ್ಬಕ್ಕೆ ಹೊಡೆಸಿದಾಗ ಎದ್ದ ಧೂಳಿಗೆ ಪಕ್ಕದ ಟೀ ಅಂಗಡಿಯವರು ಹಾಲಿನ ಪಾತ್ರೆ ಮುಚ್ಚಿಕೊಂಡರು. ಆಮೇಲೆ ನಾನು ಉಸಿರು ಬಿಗಿಹಿಡಿದು ಕಾರ್ಡನ್ನು ಒಳಗೆ ಕೂರಿಸಿದೆ, ವೈರುಗಳನ್ನೆಲ್ಲ ಮೊದಲಿದ್ದಲ್ಲೇ ಸಿಕ್ಕಿಸಿದೆ, ಸ್ವಿಚ್ ಒತ್ತಿದೆ. ಕಂಪ್ಯೂಟರ್ ಎದ್ದಿತು. ಸೋದರಮಾವನ ಮೀಸೆ, ಮುಖ, ಶಲ್ಯ ಎಲ್ಲ ಒಟ್ಟಿಗೇ ಬಂದು ನಿಂತವು. “ಅಯ್ಯೋ, ಎಷ್ಟು ಬೇಗ ರೀ! ಬಣ್ಣಾನೂ ಎಷ್ಟು ಚೆನ್ನಾಗಿದೆ!” ಎಂದಳು ಕುಸುಮ. “ಅಲ್ಲು ನೋಡೇ ಯೋಳಿದ್ನಲ್ಲವ್ವಾ” ಎಂದರು ಮಾವ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೊಳೆನರಸೀಪುರ, ಅರಕಲಗೂಡಿನ ಸ್ನೇಹಿತರಿಗೆಲ್ಲ ಫೋನ್ ಮಾಡಿ, ಹಳೆಯ ಮದರ್‌ಬೋರ್ಡಿಗೆ ಕಾರ್ಡು ಆರಿಸುವ ಬಗೆಯನ್ನು ಅವರು ಕೇಳದಿದ್ದರೂ ವಿವರಿಸಿದೆ.

ಹೀಗೆ ಕೆಲವು ತಿಂಗಳು ಸುಖವಾಗಿ ಕಳೆದವು. ಮೊನ್ನೆ ಪೆನ್ನೊಂದು ಮೇಜಿನ ಹಿಂದೆ ಬಿತ್ತೆಂದು ಬಗ್ಗಿದವನು ಹಾಗೇ ಕೂತುಬಿಟ್ಟೆ. ಪರದೆಯ ವೈರು ಸಿಕ್ಕಿಕೊಂಡಿದ್ದದ್ದು ಹಳೆಯ ಬೋರ್ಡಿನ ಹಳೆಯ ತೂತಿಗೆ. ಅದು ಹೋಗಬೇಕಾಗಿದ್ದ ಹೊಸ ಕಾರ್ಡಿನ ಬಾಯಿಗೆ ಅಂಗಡಿಯಲ್ಲಿ ಹಾಕಿದ್ದ ಪ್ಲಾಸ್ಟಿಕ್ ಮುಚ್ಚಳ ಇನ್ನೂ ಹಾಗೇ ಇತ್ತು. ಪಾಪ, ಅದು ಇಷ್ಟು ದಿನವೂ ಒಳಗೆ ಕೂತು ಸುಮ್ಮನೆ ಫ್ಯಾನು ತಿರುಗಿಸುತ್ತಿತ್ತು. ಕಂಪ್ಯೂಟರನ್ನು ಉದ್ಧಾರ ಮಾಡಿದ್ದು ಪಂಚರ್ ಅಂಗಡಿಯ ಗಾಳಿ.

ಕುಸುಮ ಅಡುಗೆಮನೆಯಲ್ಲಿದ್ದಳು. ಸದ್ದಾಗದಂತೆ ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಂಡು, ವೈರನ್ನು ಹೊಸ ಕಾರ್ಡಿಗೆ ಚುಚ್ಚಿ, ಏನೂ ಅರಿಯದವನಂತೆ ಪೇಪರ್ ಹಿಡಿದು ಕೂತೆ. ಅವಳು ಬಂದು ಪರದೆ ನೋಡಿದವಳೇ, “ಇದೇನ್ರೀ, ಅಕ್ಷರವೆಲ್ಲ ದಪ್ಪ ಆಗಿದೆ! ಕೆಂಪು ಬಣ್ಣ ಇಟ್ಟಿಗೆ ಥರ ಕಾಣ್ತಿದೆ. ಕಾರ್ಡು ಕೆಟ್ಟಿತಾ? ಇವತ್ತು ಫ್ಲೆಕ್ಸ್ ಕಳಿಸಬೇಕು, ಅಂಗಡಿಯವರನ್ನ ಕರೆಸಲಾ?” ಎಂದಳು.

“ಅಂಗಡಿಯವರು ಯಾಕೆ? ನಾನಿಲ್ವಾ?” ಎಂದೆ. ಹೊಸ ಕಾರ್ಡಿಗೆ ಇನ್ನೂ ಏನೇನು ಹೊಂದಿಸಬೇಕೋ ನನಗೆ ತಿಳಿಯದು. ಮೇಜಿನ ಹಿಂದಕ್ಕೆ ನುಸುಳಿ, ವೈರನ್ನು ಹಳೆಯ ತೂತಿಗೇ ಸಿಕ್ಕಿಸಿದೆ. ಕುಸುಮ ಪರದೆ ನೋಡಿ, “ಹಾಂ, ಈಗ ನೋಡಿ, ಕಾರ್ಡು ಹಾಕಿದ ಮೇಲೆ ಇದ್ದ ಹಾಗೇ ಆಯ್ತು. ಏನೇ ಅನ್ನಿ, ನಿಮಗೆ ಕಂಪ್ಯೂಟರ್ ಗೊತ್ತು ಬಿಡಿ” ಎಂದಳು.

ನಾನು ಜೇಬಿನಲ್ಲಿದ್ದ ಮುಚ್ಚಳ ತೆಗೆದು, ಧೂಳು ಒಳಗೆ ಹೋಗದಿರಲೆಂದು ಕಾರ್ಡಿನ ಬಾಯಿಗೆ ಭದ್ರವಾಗಿ ಹಾಕಿ ಮೇಲೆದ್ದೆ.